ಹಣ್ಣು ತೊಳೆದ ನೀರಿನ ಜಾಡು

ಚಿಕ್ಕಮಗಳೂರಿನಿಂದ ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರಗಳನ್ನು ಹಾದು ಕಳಸ ಮುಟ್ಟುವ ರಸ್ತೆ ಕಾಫಿ ತೋಟಗಳ ನಡುವಿನ ದಾರಿಯೆಂದೇ ಹೆಸರಾಗಿದ್ದರೂ, ಅದನ್ನು ನದಿಗಳ ದಾರಿಯೆಂದು ಗುರುತಿಸಿದಾಗಲೇ ಈ ಸೀಮೆಯ ಸ್ವರೂಪ ಪೂರ್ತಿಯಾಗಿ ತಿಳಿಯುತ್ತದೆ. ಬಾಬಾಬುಡನ್‌ಗಿರಿಯ ಸಾಲಿನಿಂದ ಇಳಿಯುವ ವೇದಾವತಿ ಬಯಲುಸೀಮೆಯತ್ತ ಹೊರಳಿದರೆ, ಯಗಚಿ ಬೇಲೂರಿನ ಕಡೆಗೆ ಸಾಗಿ ಮುಂದೆ ಹೇಮಾವತಿಯನ್ನು ಕೂಡುತ್ತದೆ. ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಗೊರೂರಿನ ಜಲಾಶಯವನ್ನು ತುಂಬಿ ಕಾವೇರಿಗೆ ಸೇರುತ್ತದೆ. ಕಳಸದ ಮಗ್ಗುಲಲ್ಲಿ ಹರಿಯುವ ಭದ್ರೆ ಬಾಳೆಹೊನ್ನೂರನ್ನು ದಾಟಿ ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ನಿಂತು, ಅನಂತರ ತುಂಗೆಯೊಡನೆ ಬೆರೆತು ಕೃಷ್ಣೆಯ ಪಾಲಾಗುತ್ತದೆ. ಘಟ್ಟದ ಪಶ್ಚಿಮದ ಅಂಚಿನಲ್ಲಿ ಬಿದ್ದ ಮಳೆ ನೇತ್ರಾವತಿಯಾಗಿ ಕಡಲಿಗಿಳಿಯುತ್ತದೆ. ಕೊಟ್ಟಿಗೆಹಾರದ ಆಸುಪಾಸಿನ ದಿಣ್ಣೆಗಳ ಮೇಲೆ ಸುರಿದ ಮಳೆ ಯಾವ ಮಗ್ಗುಲಿಗೆ ಇಳಿಯಿತು ಎಂಬುದರ ಮೇಲೆ ಅದು ಬಂಗಾಳ ಕೊಲ್ಲಿಗೋ ಅರಬ್ಬೀ ಸಮುದ್ರಕ್ಕೋ ಎಂಬುದು ನಿರ್ಧಾರವಾಗುತ್ತದೆ. ಹೀಗಾಗಿ ಈ ಬೆಟ್ಟಗಳಲ್ಲಿ ನೀರಿಗೆ ಏನು ಬೆರೆಯುತ್ತದೆ ಎಂಬುದು ಈ ಬೆಟ್ಟಗಳವರ ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ತುಮಕೂರಿನ ನಲ್ಲಿಯಲ್ಲಿ ಬರುವುದು ಹೇಮಾವತಿ, ದಾವಣಗೆರೆಯ ಗದ್ದೆಗೆ ಹಾಯುವುದು ಭದ್ರೆ. ಚಿಕ್ಕಮಗಳೂರು ನಗರವೇ ತನ್ನ ಬೆಟ್ಟಗಳಿಂದ ಕೆಳಗಿಳಿದು ಹೋದ ಯಗಚಿಯ ನೀರನ್ನು ಬೇಲೂರಿನ ಜಲಾಶಯದಿಂದ ಮತ್ತೆ ಮೇಲಕ್ಕೆತ್ತಿ ಕುಡಿಯುತ್ತದೆ.

ಅರೇಬಿಕಾ ಹಣ್ಣಿನ ಕುಯ್ಲು ನವೆಂಬರಿನಲ್ಲಿ ಮೊದಲಾಗಿ ಜನವರಿಯವರೆಗೂ, ರೊಬಸ್ಟಾದ ಕುಯ್ಲು ಅದರ ಬೆನ್ನಿಗೇ ಫೆಬ್ರವರಿಯವರೆಗೂ ಸಾಗುತ್ತದೆ. ಆ ತಿಂಗಳುಗಳಲ್ಲಿ ಈ ದಾರಿ ಹಿಡಿದವರಿಗೆ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಗಿಡಗಳ ಮೇಲಿನ ಕೆಂಪು ಹಣ್ಣು, ಕಣದಲ್ಲಿ ಹರಡಿದ ಕಾಫಿ ಇವೆಲ್ಲ ಕಣ್ಣಿಗೆ ಬೀಳುವಷ್ಟೇ ಸಹಜವಾಗಿ, ಕೆಲವು ಮೋರಿಗಳ ಬಳಿ ಹುಳಿ ಹಿಡಿದ ಒಂದು ವಾಸನೆಯೂ ಮೂಗಿಗೆ ಬಡಿಯುತ್ತದೆ. ಹೊರಗಿನಿಂದ ಬಂದ ಅನೇಕರು ಅದನ್ನೇ ಕಾಫಿಯ ಪರಿಮಳವೆಂದು ತಿಳಿಯುವುದುಂಟು. ಕಾಫಿಗೆ ಪರಿಮಳ ಬರುವುದು ಹುರಿದ ಮೇಲೆ. ಮೋರಿಯ ಬಳಿಯದು ಹಣ್ಣಿನ ಸಕ್ಕರೆ ನೀರಿನಲ್ಲಿ ಕೊಳೆಯುವ ವಾಸನೆ. ಆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ನಡುವೆ ಅದನ್ನು ಶುದ್ಧ ಮಾಡುವ ಕೆಲಸ ಯಾರ ಪಾಲಿನದು ಎಂಬ ವಿಚಾರವೇ ಈ ಪ್ರಯಾಣದ ದಾರಿಯನ್ನು ಗೊತ್ತುಮಾಡುತ್ತದೆ.

ಕಾಫಿ ಹಣ್ಣಿನ ರಚನೆಯನ್ನು ಅರಿಯದೆ ಈ ನೀರಿನ ಸ್ವಭಾವವನ್ನು ಅರಿಯಲಾಗದು. ಹೊರಗಿನ ಕೆಂಪು ಸಿಪ್ಪೆಯ ಕೆಳಗೆ ತೆಳುವಾದ ತಿರುಳು, ಅದರೊಳಗೆ ಪೆಕ್ಟಿನ್ ಎಂಬ ಅಂಟುಪದಾರ್ಥ ಮತ್ತು ಸಕ್ಕರೆಗಳಿಂದಾದ ಲೋಳೆ, ಲೋಳೆಯೊಳಗೆ ಗರಿಗರಿಯಾದ ಕವಚ, ಕವಚದೊಳಗೆ ಬೆಳ್ಳಿಯ ಬಣ್ಣದ ತೆಳುಪೊರೆ ಹೊದ್ದ ಜೋಡಿ ಬೀಜ. ಸುಮಾರು ಐದಾರು ಕಿಲೋ ಹಣ್ಣಿನಿಂದ ದೊರೆಯುವುದು ಒಂದು ಕಿಲೋ ಬೀಜ. ಉಳಿದದ್ದೆಲ್ಲ ತೋಟದಲ್ಲೇ ಉಳಿಯಬೇಕಾದ ವಸ್ತು. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದರೆ ಬರುವುದನ್ನು ಇಲ್ಲಿನವರು ಚೆರ್ರಿ ಎನ್ನುತ್ತಾರೆ. ಸಿಪ್ಪೆ ಸುಲಿದು, ಲೋಳೆ ತೊಳೆದು, ಕವಚ ಸಮೇತ ಒಣಗಿಸಿದ್ದು ಪಾರ್ಚ್‌ಮೆಂಟ್. ಚೆರ್ರಿಗೆ ನೀರು ಬೇಡ, ಬಿಸಿಲು ಸಾಕು. ಪಾರ್ಚ್‌ಮೆಂಟಿಗೆ ನೀರು ಬೇಕು, ಮತ್ತು ಅರೇಬಿಕಾ ಬೆಳೆಗಾರನಿಗೆ ಹೆಚ್ಚಿನ ಬೆಲೆ ಸಿಗುವುದು ಪಾರ್ಚ್‌ಮೆಂಟಿಗೇ.

ಚಿಕ್ಕಮಗಳೂರಿನಿಂದ ಮೂಡಿಗೆರೆಯವರೆಗಿನ ದೊಡ್ಡ ತೋಟಗಳಲ್ಲಿ ಸಂಜೆಯ ಹೊತ್ತಿಗೆ, ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಿರುವ ಪಲ್ಪರ್ ಮನೆಯ ಮುಂದೆ ನಿಂತು ನೋಡಿದರೆ ಈ ಕೆಲಸದ ಕ್ರಮವೆಲ್ಲ ಒಂದೇ ಅಂಗಳದಲ್ಲಿ ತೆರೆದುಕೊಳ್ಳುತ್ತದೆ. ದಿನವಿಡೀ ಕುಯ್ದ ಹಣ್ಣನ್ನು ಅಳತೆ ಮಾಡಿ ತೊಟ್ಟಿಗೆ ಸುರಿದಾಗ ಜೊಳ್ಳು ತೇಲಿ ಬೇರೆಯಾಗುತ್ತದೆ, ಗಟ್ಟಿ ಹಣ್ಣು ಮುಳುಗಿ ನೀರಿನೊಂದಿಗೆ ಪಲ್ಪರಿನ ಬಾಯಿಗೆ ಜಾರುತ್ತದೆ. ಯಂತ್ರದ ಒಂದು ಕಡೆಯಿಂದ ಸಿಪ್ಪೆ, ಇನ್ನೊಂದು ಕಡೆಯಿಂದ ಮೀನಿನ ಮೈಯಂತೆ ಜಾರುವ ಬಿಳಿಯ ಬೀಜ ಹೊರಬೀಳುತ್ತವೆ. ಬೀಜಕ್ಕೆ ಅಂಟಿದ ಲೋಳೆ ನೀರಿನಿಂದಷ್ಟೇ ಬಿಡುವುದಿಲ್ಲವಾದ್ದರಿಂದ ಅದನ್ನು ತೊಟ್ಟಿಯಲ್ಲಿ ಹುದುಗಲು ಬಿಡಬೇಕು. ಅರೇಬಿಕಾ ಆದರೆ ಒಂದು ದಿನದಿಂದ ಒಂದೂವರೆ ದಿನ, ಲೋಳೆ ದಪ್ಪವಿರುವ ರೊಬಸ್ಟಾ ಆದರೆ ಇನ್ನೂ ಹೆಚ್ಚು. ಹುದುಗು ಸಾಕಾಯಿತೇ ಎಂಬುದನ್ನು ತಿಳಿಯಲು ಅನುಭವಿ ಆಳು ಒಂದು ಹಿಡಿ ಬೀಜವನ್ನು ತೆಗೆದು ಅಂಗೈಗಳ ನಡುವೆ ಉಜ್ಜುತ್ತಾನೆ: ಜಾರಿದರೆ ಇನ್ನೂ ಕಾಯಬೇಕು, ಹರಳಿನಂತೆ ಸದ್ದು ಮಾಡಿ ಒರಟಾಗಿ ತಾಗಿದರೆ ತೊಳೆಯಬಹುದು. ಆಮೇಲಿನ ತೊಳೆತ ಮೂರು ನಾಲ್ಕು ಸಲ ನಡೆದು, ಬೀಜವು ತಂತಿಬಲೆಯ ತಟ್ಟೆಗಳ ಮೇಲೆ ನೀರು ಸೋರಿಸಿಕೊಂಡು ಕಣಕ್ಕೆ ಹೋಗುತ್ತದೆ. ಪಲ್ಪರಿನಿಂದ ಹೊರಟಾಗ ಕಂದು ಬಣ್ಣವಿದ್ದ ನೀರು ಕಾಲುವೆಯಲ್ಲಿ ಹತ್ತಾರು ಮಾರು ಹರಿದು ಗುಂಡಿ ಸೇರುವಷ್ಟರಲ್ಲಿ ನೊರೆ ಕಟ್ಟಿ, ಮರುದಿನಕ್ಕೆ ಹಸಿರು ಬೆರೆತ ಕಪ್ಪಿಗೆ ತಿರುಗಿರುತ್ತದೆ. ಗಾಳಿ ತಾಗಿದ ಹಣ್ಣಿನ ಒಗರು ಪದಾರ್ಥಗಳು ಕೊಡುವ ಬಣ್ಣವದು. ಮೇಲೆ ಒಂದು ಗೇಣು ದಪ್ಪದ ಕೆನೆ ಕಟ್ಟಿರುತ್ತದೆ, ನೀರು ಹುಳಿಯಾದಂತೆ ಪೆಕ್ಟಿನ್ ಒಡೆದು ಮೇಲೆ ತೇಲಿದ್ದೇ ಆ ಕೆನೆ.

ನೀರನ್ನು ಮರುಬಳಸದೆ ಹರಿಯಬಿಡುವ ಹಳೆಯ ಕ್ರಮದಲ್ಲಿ ಒಂದು ಕಿಲೋ ಪಾರ್ಚ್‌ಮೆಂಟಿಗೆ 15ರಿಂದ 20 ಲೀಟರ್ ನೀರು ಬೇಕಾಗುವುದುಂಟು. ಅಷ್ಟೂ ನೀರಿನ ಕೊಳೆಯನ್ನು ಅಳೆಯುವುದು ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿಒಡಿ ಎಂಬ ಮಾನದಿಂದ: ನೀರಿನಲ್ಲಿರುವ ಸಾವಯವ ವಸ್ತುವನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಲು ಎಷ್ಟು ಆಮ್ಲಜನಕವನ್ನು ಹೀರಬೇಕಾಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಊರಿನ ಚರಂಡಿ ನೀರಿನ ಬಿಒಡಿ ಲೀಟರಿಗೆ ಸುಮಾರು 200ರಿಂದ 300 ಮಿಲಿಗ್ರಾಂ ಇದ್ದರೆ, ಪಲ್ಪರ್ ನೀರಿನದು ಸಾವಿರಗಳ ಲೆಕ್ಕದಲ್ಲಿದ್ದು, ಲೋಳೆ ಗಟ್ಟಿಯಾಗಿರುವಲ್ಲಿ 20,000ದವರೆಗೂ ಏರುತ್ತದೆ. ಹರಿಯುವ ತಿಳಿನೀರಿನಲ್ಲಿ ಕರಗಿರುವ ಆಮ್ಲಜನಕ ಲೀಟರಿಗೆ ಸುಮಾರು 8 ಮಿಲಿಗ್ರಾಂ ಮಾತ್ರ. 8,000 ಮಿಲಿಗ್ರಾಂ ಬಿಒಡಿ ಇರುವ ಒಂದೇ ಒಂದು ಲೀಟರ್ ಪಲ್ಪರ್ ನೀರು 1,000 ಲೀಟರ್ ಹಳ್ಳದ ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡಬಲ್ಲದು. ಹಳ್ಳದಲ್ಲಿ ಮೀನು ಸತ್ತು ತೇಲುವುದಕ್ಕೆ ವಿಷ ಬೇಕಿಲ್ಲ, ಉಸಿರಾಡಲು ಏನೂ ಉಳಿಯದಿದ್ದರೆ ಸಾಕು. ಕಾಫಿ ಹಣ್ಣಿನ ಸಕ್ಕರೆ ವಿಷವಲ್ಲ ಎಂಬ ಸಮಾಧಾನದ ಮಾತು ಈ ಬೆಟ್ಟಗಳಲ್ಲಿ ಬಹುಕಾಲ ಚಲಾವಣೆಯಲ್ಲಿತ್ತು. ಅದು ಅರ್ಧ ನಿಜ ಮಾತ್ರ.

ಅದಕ್ಕಿಂತಲೂ ಕಠಿಣವಾದ ಸಂಗತಿ ಋತುಮಾನದ್ದು, ಮತ್ತು ಈ ಪ್ರಯಾಣದುದ್ದಕ್ಕೂ ಹೆಚ್ಚು ಗಮನ ಬೇಡುವುದೂ ಅದೇ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸೊಕ್ಕಿ ಹರಿಯುವ ಹಳ್ಳಗಳು ಹಣ್ಣು ಕೆಂಪಾಗುವ ಹೊತ್ತಿಗೆ ಇಳಿದಿರುತ್ತವೆ. ಪಲ್ಪರುಗಳು ಹಗಲಿರುಳು ತಿರುಗುವ ಜನವರಿಯಲ್ಲಿ ಅವು ಕಲ್ಲುಗಳ ನಡುವಿನ ಎಳೆಗಳಾಗಿರುತ್ತವೆ. ಆ ಎಳೆಯಿಂದಲೇ ಪಲ್ಪಿಂಗಿಗೆ ನೀರೆತ್ತಬೇಕು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ, ಅಂದರೆ ಕಾಫಿಯ ಮೊಗ್ಗನ್ನು ಅರಳಿಸುವ ಬೇಸಿಗೆಯ ಮೊದಲ ಮಳೆ ತಡವಾದರೆ ರೊಬಸ್ಟಾ ಗಿಡಗಳಿಗೆ ಸ್ಪ್ರಿಂಕ್ಲರ್ ಹಾಯಿಸಬೇಕಾಗುತ್ತದೆ. ಅದಕ್ಕೂ ಆಸರೆ ಅದೇ ಹಳ್ಳ, ಅದೇ ಕೆರೆ. ವರ್ಷದಲ್ಲಿ ಅತಿ ಹೆಚ್ಚು ಕೊಳೆ ಉಂಟಾಗುವ ತಿಂಗಳುಗಳೂ ಅದನ್ನು ತೆಳುಮಾಡಲು ನೀರೇ ಇಲ್ಲದ ತಿಂಗಳುಗಳೂ ಒಂದೇ ಆಗಿರುವುದು ಈ ಬೆಳೆಯ ಜಾತಕದಲ್ಲೇ ಬರೆದಂತಿದೆ. ನದಿಯ ವಾರ್ಷಿಕ ಹರಿವಿನ ಜೊತೆ ಹೋಲಿಸಿ ಪಲ್ಪರ್ ನೀರು ಅಲ್ಪವೆಂದು ವಾದಿಸುವವರು ಮಳೆಗಾಲದ ನದಿಯನ್ನು ಬೇಸಿಗೆಯ ಲೆಕ್ಕಕ್ಕೆ ತರುತ್ತಾರೆ, ಜನವರಿಯ ಹಳ್ಳದಲ್ಲಿ ಆ ನದಿ ಇರುವುದೇ ಇಲ್ಲ.

ಕಾನೂನಿನ ನಿಲುವು ಸ್ಪಷ್ಟವಾಗಿದೆ. 1974ರ ಜಲಮಾಲಿನ್ಯ ತಡೆ ಕಾಯ್ದೆ ಬಂದ ವರ್ಷವೇ ರಾಜ್ಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಸ್ಥಾಪನೆಯಾಯಿತು. ದೇಶದ ಸಾಮಾನ್ಯ ಮಾನದಂಡದಂತೆ ನದಿ ಹಳ್ಳಗಳಿಗೆ ಬಿಡುವ ನೀರಿನ ಬಿಒಡಿ 30 ಮಿಲಿಗ್ರಾಂ, ಭೂಮಿಗೆ ಹಾಯಿಸುವ ನೀರಿನದು 100 ಮಿಲಿಗ್ರಾಂ ಮೀರಬಾರದು. ಸಾವಿರಗಳಿಂದ ನೂರಕ್ಕೆ ಇಳಿಸುವುದು ಹೇಗೆ ಎಂಬುದೇ ಪಲ್ಪರ್ ಮನೆಯ ಹಿಂದಿನ ಗುಂಡಿಗಳ ಕಥೆ. ಮೊದಲ ಗುಂಡಿಯಲ್ಲಿ ಸಿಪ್ಪೆ, ಕೆನೆಗಳನ್ನು ಬೇರ್ಪಡಿಸಿ ಸುಣ್ಣ ಬೆರೆಸುತ್ತಾರೆ. ಹುದುಗಿದ ನೀರಿನ ಆಮ್ಲೀಯತೆಯನ್ನು ತೋರಿಸುವ ಪಿಎಚ್ ಅಂಕ ಸುಮಾರು 4ಕ್ಕೆ ಇಳಿದಿರುತ್ತದೆ, ಅದನ್ನು 7ರ ಹತ್ತಿರಕ್ಕೆ ಏರಿಸದ ಹೊರತು ಮುಂದಿನ ಗುಂಡಿಯ ಜೀವಿಗಳು ಬದುಕುವುದಿಲ್ಲ. ಎರಡನೆಯ ಗುಂಡಿ ಆಳವಾದದ್ದು, ಗಾಳಿಯಾಡದ್ದು. ಅಲ್ಲಿ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳಿಗೆ ಸಗಣಿಯ ಬಗ್ಗಡವನ್ನು ಹೆಪ್ಪಾಗಿ ಹಾಕಿ ಕೆಲವು ವಾರ ಕೆಲಸಕ್ಕೆ ಬಿಡಬೇಕು. ಮೂರನೆಯದು ಅಗಲವಾದ, ಆಳ ಕಡಿಮೆಯಾದ ಗುಂಡಿ. ಅಲ್ಲಿ ಯಂತ್ರದಿಂದ ನೀರನ್ನು ಕಲಕಿ ಗಾಳಿ ಸೇರಿಸಿದಾಗ ಆಮ್ಲಜನಕ ಬಳಸುವ ಜೀವಿಗಳು ಉಳಿದ ಕೊಳೆಯನ್ನು ತೀರಿಸುತ್ತವೆ. ಇಷ್ಟಾದ ಮೇಲೂ ನೀರಿನ ಕಪ್ಪು ಬಣ್ಣ ಸುಲಭಕ್ಕೆ ಹೋಗುವುದಿಲ್ಲ. ಆದರೆ ಪೊಟ್ಯಾಷ್ ಹೇರಳವಾಗಿರುವ ಆ ನೀರನ್ನು ಗಿಡಗಳಿಗೆ ಹಾಯಿಸಿದರೆ ತೋಟದ್ದು ತೋಟಕ್ಕೇ ಮರಳಿದಂತಾಗುತ್ತದೆ.

ಬರೆದಷ್ಟು ಸುಲಭವಾಗಿ ಗುಂಡಿಗಳು ನಡೆಯುವುದಿಲ್ಲ. ಈ ಸೂಕ್ಷ್ಮಜೀವಿಗಳಿಗೆ ವರ್ಷದಲ್ಲಿ ಎರಡು ಮೂರು ತಿಂಗಳು ಹೊಟ್ಟೆ ಬಿರಿಯುವಷ್ಟು ಆಹಾರ, ಉಳಿದ ತಿಂಗಳು ಪೂರ್ಣ ಉಪವಾಸ. ನವೆಂಬರಿನಲ್ಲಿ ಮೊದಲ ಕುಯ್ಲಿನ ನೀರು ಬರುವಾಗ ಗುಂಡಿಯ ಜೀವರಾಶಿ ಎಚ್ಚರಗೊಂಡಿರುವುದಿಲ್ಲವಾದ್ದರಿಂದ, ಪಲ್ಪಿಂಗ್ ಶುರುವಾಗುವ ಮುನ್ನವೇ ಸಗಣಿ ನೀರು ಹಾಕಿ ಅದನ್ನು ಬೆಳೆಸಿಕೊಳ್ಳಬೇಕು. ತಳಕ್ಕೆ ಹೊದಿಕೆ ಹಾಕದ ಗುಂಡಿಯಲ್ಲಿ ನೀರು ನೆಲಕ್ಕಿಳಿದು ಕೆಳಗಿನ ಬಾವಿಯನ್ನು ಮುಟ್ಟುತ್ತದೆ. ಮೇ ಕಳೆಯುವುದರೊಳಗೆ ಬರಿದು ಮಾಡದ ಗುಂಡಿ ಜೂನ್‌ನ ಮೊದಲ ದೊಡ್ಡ ಮಳೆಗೆ ಉಕ್ಕಿ ಹಳ್ಳಕ್ಕೆ ಸೇರುತ್ತದೆ. 2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿಗಳ ಗುಡ್ಡಗಳೇ ಜಾರಿ ಬಂದ ಮಳೆಯನ್ನು ಕಂಡ ಮೂಡಿಗೆರೆ ಸೀಮೆಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಗುಂಡಿಯ ಮೇಲೆ ಏಳುವ ಗುಳ್ಳೆಗಳು ಈ ವಿಷಯವನ್ನು ಒಮ್ಮೆಲೇ ಬೇರೊಂದು ಖಂಡಕ್ಕೆ ಜೋಡಿಸುತ್ತವೆ. ಆ ಗುಳ್ಳೆಗಳಲ್ಲಿರುವುದು ಬಹುಪಾಲು ಮೀಥೇನ್, ಅಂದರೆ ಸಾವಿರಾರು ಅಡಿ ಆಳದ ಶಿಲೆಯಿಂದ ನೈಸರ್ಗಿಕ ಅನಿಲವೆಂದು ಹೊರತೆಗೆಯುವ ಅದೇ ವಸ್ತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಾರ್ಸೆಲಸ್ ಎಂಬ ಜೇಡಿಶಿಲೆಯ ಪದರದಿಂದ ಅನಿಲ ತೆಗೆಯಲು ಒಂದೊಂದು ಬಾವಿಗೆ ಒಂದು ಕೋಟಿ ಲೀಟರಿಗೂ ಮೀರಿದ ನೀರನ್ನು ಮರಳು, ರಾಸಾಯನಿಕಗಳೊಡನೆ ಒತ್ತಡದಿಂದ ನುಗ್ಗಿಸಿ ಶಿಲೆಯನ್ನು ಸೀಳಲಾಗುತ್ತದೆ. ಹಿಂದಿರುಗುವ ನೀರು ಆಳದ ಉಪ್ಪು, ಬೇರಿಯಂ, ವಿಕಿರಣ ಸೂಸುವ ರೇಡಿಯಂಗಳನ್ನು ಹೊತ್ತು ಬರುತ್ತದೆ. ಊರುಗಳ ಕೊಳಚೆ ಶುದ್ಧೀಕರಣ ಘಟಕಗಳಿಗೆ ಆ ನೀರನ್ನು ಸಾಗಿಸುವ ರೂಢಿಯನ್ನು ನಿಲ್ಲಿಸಬೇಕೆಂದು ಆ ರಾಜ್ಯದ ಪರಿಸರ ಇಲಾಖೆ 2011ರಲ್ಲಿ ಕಂಪನಿಗಳನ್ನು ಕೇಳಿತು, 2016ರಲ್ಲಿ ಕೇಂದ್ರದ ನಿಯಮವೇ ಅದನ್ನು ನಿಷೇಧಿಸಿತು. ಉಪ್ಪನ್ನು ತಿನ್ನುವ ಬ್ಯಾಕ್ಟೀರಿಯಾ ಇಲ್ಲವಾದ್ದರಿಂದ ಅಂಥ ಘಟಕಗಳು ಆ ನೀರನ್ನು ತೆಳುಮಾಡಿ ನದಿಗೆ ದಾಟಿಸುವುದಕ್ಕಿಂತ ಹೆಚ್ಚೇನೂ ಮಾಡಲಾರದೆ ಹೋಗಿದ್ದವು. ಆಮೇಲೆ ಅಲ್ಲಿ ನೀರನ್ನು ಕಾಯಿಸಿ ಉಪ್ಪು ಬೇರ್ಪಡಿಸುವ, ಮುಂದಿನ ಬಾವಿಗೆ ಅದನ್ನೇ ಬಳಸುವ, ಟ್ಯಾಂಕರುಗಳಲ್ಲಿ ಒಹಾಯೊಗೆ ಸಾಗಿಸಿ ಆಳದ ಬಾವಿಗಳಲ್ಲಿ ಇಳಿಸುವ ದೊಡ್ಡ ವ್ಯಾಪಾರವೇ ಬೆಳೆಯಿತು. ಹಾಗೆ ಇಳಿಸಿದ ನೀರು ಯಂಗ್ಸ್‌ಟೌನ್ ಬಳಿ 2011ರ ಕೊನೆಯಲ್ಲಿ ನೆಲ ನಡುಗುವುದಕ್ಕೂ ಕಾರಣವಾಯಿತು.

ಕಾಫಿ ಬೆಟ್ಟಗಳ ಕೊಳೆನೀರಿನ ಭಾಗ್ಯವೆಂದರೆ ಅದರಲ್ಲಿರುವುದು ಉಪ್ಪಲ್ಲ, ಆಹಾರ. ಅಲ್ಲಿ ಅನಿಲಕ್ಕಾಗಿ ನೀರು ಕೆಡುತ್ತದೆ, ಇಲ್ಲಿ ಕೆಟ್ಟ ನೀರೇ ಅನಿಲ ಕೊಡಬಲ್ಲದು. ಬಿಒಡಿಯಂತೆಯೇ ಕೊಳೆಯನ್ನು ಅಳೆಯುವ ಇನ್ನೊಂದು ಮಾನ ಸಿಒಡಿ, ಅಂದರೆ ರಾಸಾಯನಿಕ ಆಮ್ಲಜನಕ ಬೇಡಿಕೆ. ಒಂದು ಕಿಲೋ ಸಿಒಡಿಯನ್ನು ಗಾಳಿಯಿಲ್ಲದ ಗುಂಡಿಯಲ್ಲಿ ಕಳೆದರೆ ಸುಮಾರು 350 ಲೀಟರ್ ಮೀಥೇನ್ ಹುಟ್ಟುತ್ತದೆ. ಲೀಟರಿಗೆ 10,000 ಮಿಲಿಗ್ರಾಂ ಸಿಒಡಿ ಇರುವ ನೀರಿನಿಂದ ನೂರಕ್ಕೆ ಎಂಬತ್ತು ಭಾಗ ಕೊಳೆ ತೆಗೆಯಲು ಸಾಧ್ಯವಾದರೆ, 14.2 ಕಿಲೋ ತೂಕದ ಮನೆಬಳಕೆಯ ಒಂದು ಸಿಲಿಂಡರಿನಷ್ಟು ಉರಿಗೆ ಸುಮಾರು 6,500 ಲೀಟರ್ ನೀರು ಸಾಕು. ಗುಂಡಿಯನ್ನು ತೆರೆದೇ ಬಿಟ್ಟರೆ ಅಷ್ಟೂ ಮೀಥೇನ್ ಆಕಾಶಕ್ಕೆ ಹೋಗಿ, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಹೆಚ್ಚು ತಾಪವನ್ನು ಹಿಡಿದಿಡುತ್ತದೆ. ಗುಂಡಿಯ ಮೇಲೆ ಹೊದಿಕೆ ಹಾಕಿ, ಅನಿಲವನ್ನು ಆಳುಗಳು ವಾಸಿಸುವ ಲೈನ್ ಮನೆಗಳ ಒಲೆಗೋ ಜನರೇಟರಿಗೋ ಹಾಯಿಸಿದ ತೋಟಗಳು ಇವೆ, ಸಾಲದಷ್ಟೇ ಇವೆ. ಕುಯ್ಲಿನ ಕಾಲದಲ್ಲಿ ಆಳುಗಳ ಮನೆಗಳಲ್ಲಿ ಸೌದೆಗೆ ಪರದಾಟವಿರುವಾಗಲೇ ಈ ಅನಿಲ ಹುಟ್ಟುತ್ತದೆಂಬುದನ್ನು ನೆನೆದರೆ, ಹೊದಿಕೆಯಿಲ್ಲದ ಪ್ರತಿ ಗುಂಡಿಯೂ ಕೈಚೆಲ್ಲಿದ ಇಂಧನವೆಂದೇ ಎಣಿಸಬೇಕಾಗುತ್ತದೆ.

ಆಲ್ದೂರಿನ ಮಾರ್ಗವಾಗಿ ಬಾಳೆಹೊನ್ನೂರಿಗೆ ತಿರುಗಿದವರಿಗೆ ಈ ಬೆಳೆಯ ವಿಜ್ಞಾನದ ತವರು ಸಿಗುತ್ತದೆ. ಮೈಸೂರು ಸರ್ಕಾರದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1925ರಲ್ಲಿ, ಅಲ್ಲಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರವೇ ಮುಂದೆ ಕಾಫಿ ಮಂಡಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಯಿತು. ಎಲೆತುಕ್ಕು ರೋಗ ತೋಟಗಳನ್ನು ಬೋಳಿಸುತ್ತಿದ್ದ ದಶಕಗಳಲ್ಲಿ ಅದು ಎಸ್.795ರಂತಹ ತಳಿಗಳನ್ನು ಕೊಟ್ಟು ಬೆಳೆಗಾರರನ್ನು ಉಳಿಸಿತು; ಪಲ್ಪರ್ ನೀರಿನ ಪ್ರಶ್ನೆ ಅದರ ಮೇಜಿಗೆ ಬಂದದ್ದು ಬಹಳ ತಡವಾಗಿ. ಸುಣ್ಣ, ಗಾಳಿಯಿಲ್ಲದ ಗುಂಡಿ, ಗಾಳಿಯಾಡುವ ಗುಂಡಿ ಎಂಬ ಕ್ರಮವನ್ನು ತೋಟಗಳಿಗೆ ತಲುಪಿಸುವಲ್ಲಿ ಮಂಡಳಿಯ ಸಲಹೆಯ ಜೊತೆಗೆ ಅದರ ಸಹಾಯಧನದ ಪಾತ್ರವೂ ಇದೆ. ಇದರೊಡನೆ ಹೊಸ ಯಂತ್ರಗಳೂ ಬಂದವು. ಕೊಲಂಬಿಯಾದ ಸೆನಿಕಾಫೆ ಸಂಶೋಧನಾ ಕೇಂದ್ರವು 1990ರ ದಶಕದಲ್ಲಿ ರೂಪಿಸಿದ ಯಂತ್ರ ಲೋಳೆಯನ್ನು ಹುದುಗಿಸದೆ ಉಜ್ಜಿಯೇ ತೆಗೆದು, ಅಲ್ಲಿ ಕಿಲೋಗೆ 40 ಲೀಟರ್ ಬೇಡುತ್ತಿದ್ದ ನೀರನ್ನು ಒಂದು ಲೀಟರಿನ ಆಸುಪಾಸಿಗೆ ಇಳಿಸಿತು. ಅದೇ ಬಗೆಯ ಇಕೋ ಪಲ್ಪರುಗಳು ಈಗ ಚಿಕ್ಕಮಗಳೂರು, ಮೂಡಿಗೆರೆಯ ತೋಟಗಳಲ್ಲೂ ಇವೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ನೀರು ಕಡಿಮೆಯಾದಾಗ ಕೊಳೆ ಕಡಿಮೆಯಾಗುವುದಿಲ್ಲ, ಗಟ್ಟಿಯಾಗುತ್ತದೆ ಅಷ್ಟೆ. ಹಣ್ಣಿನಲ್ಲಿದ್ದ ಲೋಳೆ ಅಷ್ಟೇ ಇದೆ. ಗಟ್ಟಿಯಾದ ಆ ರಸವನ್ನು ಸಿಪ್ಪೆಯೊಡನೆ ಬೆರೆಸಿ ಗೊಬ್ಬರ ಮಾಡಿದರೆ ಯಂತ್ರ ಸಾರ್ಥಕವಾಗುತ್ತದೆ. ಹಳ್ಳಕ್ಕೆ ಬಿಟ್ಟರೆ ಹಿಂದಿಗಿಂತ ಹಾಳು.

ಮೂಡಿಗೆರೆಯಿಂದ ಬಣಕಲ್ ದಾಟಿ ಕೊಟ್ಟಿಗೆಹಾರ ಸೇರುವಾಗ ತೋಟಗಳ ಗಾತ್ರ ಕಿರಿದಾಗುತ್ತ ಹೋಗುವುದು ಗಮನಕ್ಕೆ ಬರುತ್ತದೆ. ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಮೂರು ಗುಂಡಿ, ಗಾಳಿಯ ಯಂತ್ರ, ಸುಣ್ಣ, ಅದನ್ನು ನೋಡಿಕೊಳ್ಳುವ ಒಬ್ಬ ಆಳು ಇವುಗಳ ಖರ್ಚು ನೂರಾರು ಎಕರೆಯ ತೋಟಕ್ಕೆ ಚೀಲವೊಂದಕ್ಕೆ ಅಲ್ಪವಾಗಿ ಹಂಚಿಹೋಗುತ್ತದೆ. ನಾಲ್ಕೈದು ಎಕರೆಯವನಿಗೆ ಅದೇ ಖರ್ಚು ಆ ವರ್ಷದ ಲಾಭವನ್ನೇ ನುಂಗುತ್ತದೆ. ಆದ್ದರಿಂದ ಅವನು ಒಂದೋ ಹಣ್ಣನ್ನು ಇಡಿಯಾಗಿ ಒಣಗಿಸಿ ಚೆರ್ರಿಯ ಬೆಲೆಗೆ ತೃಪ್ತನಾಗುತ್ತಾನೆ, ಅಥವಾ ಕೈಪಲ್ಪರ್ ತಿರುಗಿಸಿ ನೀರನ್ನು ಇಳಿಜಾರಿಗೆ ಬಿಡುತ್ತಾನೆ. ಮೊದಲನೆಯದನ್ನು ಆರಿಸಿಕೊಂಡವನು ಹಳ್ಳಕ್ಕೆ ಮಾಡಿದ ಉಪಕಾರ ಮಾರುಕಟ್ಟೆಯಲ್ಲಿ ಯಾರ ಲೆಕ್ಕಕ್ಕೂ ಬರುವುದಿಲ್ಲ. 50 ಕಿಲೋ ಚೀಲಕ್ಕೆ ದರ ಕಟ್ಟುವಾಗ ಬೀಜದ ಗಾತ್ರ, ತೇವಾಂಶ, ಬಟ್ಟಲಿನ ರುಚಿ ಎಲ್ಲವನ್ನೂ ತೂಗುವ ವ್ಯಾಪಾರದಲ್ಲಿ, ಅದನ್ನು ತೊಳೆದ ನೀರು ಏನಾಯಿತು ಎಂದು ಕೇಳುವವರು ಪ್ರಮಾಣಪತ್ರ ಬಯಸುವ ಕೆಲವು ಹೊರದೇಶದ ಖರೀದಿದಾರರು ಮಾತ್ರ. ಇದು ಅನ್ಯಾಯ, ಹಳ್ಳವನ್ನು ಕಾಯುವ ಖರ್ಚನ್ನು ಬೆಳೆಗಾರನೊಬ್ಬನೇ ಹೊರಬೇಕೆಂದು ನಿರೀಕ್ಷಿಸುವ ವ್ಯವಸ್ಥೆಯಲ್ಲಿ ಹಳ್ಳ ಉಳಿಯುವುದೂ ಕಷ್ಟ.

ಕೊಟ್ಟಿಗೆಹಾರದಲ್ಲಿ ಪೂರ್ಣಚಂದ್ರ ತೇಜಸ್ವಿ ಅವರ ಹೆಸರಿನ ಪ್ರತಿಷ್ಠಾನವಿದೆ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಬದುಕಿದ ಆ ಲೇಖಕರು ಕಾಫಿ ಬೆಳೆಗಾರರೂ ಹೌದು, ಗಾಳ ಹಿಡಿದು ಹಳ್ಳಗಳ ದಂಡೆಯಲ್ಲಿ ಕುಳಿತವರೂ ಹೌದು. ಈ ಸೀಮೆಯ ಮೀನು, ಹಕ್ಕಿ, ಹುಳುಗಳನ್ನು ಹೆಸರು ಹಿಡಿದು ಗುರುತಿಸುವುದನ್ನು ಎರಡು ತಲೆಮಾರಿನ ಕನ್ನಡ ಓದುಗರಿಗೆ ಕಲಿಸಿದರು. ಇಲ್ಲಿಂದ ಎಡಕ್ಕೆ ಚಾರ್ಮಾಡಿಯ ಘಾಟಿ ಇಳಿಯುತ್ತದೆ, ಬಲಕ್ಕೆ ಜಾವಳಿ, ಬಾಳೂರು, ಕೆಳಗೂರುಗಳ ಮೂಲಕ ಕಳಸದ ದಾರಿ ಸಾಗುತ್ತದೆ. ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕಾದ ಕಳಸದಲ್ಲಿ ಕಲಶೇಶ್ವರನ ಗುಡಿಯ ಸುತ್ತ ಭದ್ರೆಯ ದಡದಲ್ಲಿ ವಸಿಷ್ಠ, ನಾಗ, ಕೋಟಿ, ರುದ್ರ, ಅಂಬಾ ಎಂಬ ಐದು ತೀರ್ಥಗಳಿವೆ. ಅಂಬಾತೀರ್ಥದಲ್ಲಿ ಮಧ್ವಾಚಾರ್ಯರು ಒಂದೇ ಕೈಯಲ್ಲಿ ಎತ್ತಿ ಇರಿಸಿದರೆಂದು ಶಾಸನ ಹೇಳುವ ಬಂಡೆಯಿದೆ. ನದಿ ಅಲ್ಲಿ ಕಲ್ಲಿನ ಕೊರಕಲಿನಲ್ಲಿ ನುಗ್ಗುತ್ತ ಗಾಳಿಯನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಮೂರನೆಯ ಗುಂಡಿಯಲ್ಲಿ ಯಂತ್ರ ಮಾಡುವ ಕೆಲಸವನ್ನು ಬಂಡೆಗಳು ಖರ್ಚಿಲ್ಲದೆ ಮಾಡುತ್ತಿವೆ. ಆದರೆ ಅದಕ್ಕೂ ಒಂದು ಮಿತಿಯಿದೆ, ಮತ್ತು ಆ ಮಿತಿ ಜನವರಿಯಲ್ಲಿ ಅತಿ ಕಿರಿದಾಗಿರುತ್ತದೆ.

ಕಳಸದಿಂದ ಸಂಸೆಯ ಚಹಾ ತೋಟಗಳನ್ನು ದಾಟಿ ಕುದುರೆಮುಖ ತಲುಪಿದಾಗ, ನೀರನ್ನು ಬಳಸಿ ಬಿಟ್ಟ ಇನ್ನೊಂದು ಉದ್ಯಮದ ಉಳಿಕೆ ಎದುರಾಗುತ್ತದೆ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ, ಇರಾನಿನ ಹಣದ ಭರವಸೆಯಿಂದ ಶುರುವಾಗಿ, ಅಲ್ಲಿನ ಕ್ರಾಂತಿಯ ನಂತರ ಆ ಭರವಸೆ ಬತ್ತಿದರೂ ನಿಂತು, ಮ್ಯಾಗ್ನೆಟೈಟ್ ಅದಿರನ್ನು ಪುಡಿಮಾಡಿ ನೀರಿನೊಡನೆ ರಾಡಿಯಾಗಿಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿತು. ಅದಿರು ತೆಗೆದ ಮೇಲಿನ ಕೆಸರನ್ನು ತಡೆಯಲು ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು ಕಟ್ಟಲಾಯಿತು. ಇಂದಿಗೂ ಆ ಕಣಿವೆಯ ತುಂಬ ಕೆಸರೇ ಇದೆ. ನಾಗರಹೊಳೆಯ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಭದ್ರೆಯಲ್ಲಿ ತೇಲುವ ಮಣ್ಣನ್ನು ಅಳೆದು 2006ರಲ್ಲಿ ಪ್ರಕಟಿಸಿದ ಅಧ್ಯಯನ, ಜಲಾನಯನದ ಕಿರಿದಾದ ಗಣಿಭಾಗ ನದಿಗೆ ಎಷ್ಟು ದೊಡ್ಡ ಹೊರೆ ಹೊರಿಸಿತ್ತೆಂಬುದನ್ನು ತೋರಿಸಿತು. ಗಣಿಯ ಕೆಸರು ಮಳೆಗಾಲದ ಪ್ರವಾಹದೊಡನೆ ಬರುತ್ತಿತ್ತು; ಕಾಫಿಯ ಕೊಳೆ ಬೇಸಿಗೆಯ ಎಳೆಯಂಥ ನೀರಿಗೆ ಇಳಿಯುತ್ತದೆ. ಗಣಿಗೆ ಒಬ್ಬ ಒಡೆಯನಿದ್ದ, ಒಂದು ಗುತ್ತಿಗೆಪತ್ರವಿತ್ತು, ಅದನ್ನು ಒಂದು ತೀರ್ಪಿನಿಂದ ನಿಲ್ಲಿಸಲು ಬಂತು. ಕಾಫಿಯನ್ನು ನಿಲ್ಲಿಸಬೇಕೆಂದು ಯಾರೂ ಬಯಸುವುದಿಲ್ಲ, ನಿಲ್ಲಿಸಬೇಕಾಗಿಯೂ ಇಲ್ಲ. ನೆರಳಿನ ಮರಗಳನ್ನು ಉಳಿಸಿಕೊಂಡ ಈ ಬೆಳೆ ಘಟ್ಟಕ್ಕೆ ಹಿತವಾದ ಬೆಳೆಗಳಲ್ಲೊಂದು. ಆದರೆ ಅದಕ್ಕೆ ಸಾವಿರಾರು ಒಡೆಯರಿದ್ದಾರೆ, ಸಾವಿರಾರು ಮೋರಿಗಳಿವೆ.

ಕೀನ್ಯಾದ ಸಣ್ಣ ಬೆಳೆಗಾರರು ಬಹಳ ಹಿಂದಿನಿಂದಲೂ ಹಣ್ಣನ್ನು ಮನೆಯಲ್ಲಿ ಸುಲಿಯದೆ ಸಹಕಾರ ಸಂಘದ ಪಲ್ಪಿಂಗ್ ಕೇಂದ್ರಕ್ಕೆ ಒಯ್ದು ತೂಗಿಸಿ ಕೊಡುತ್ತಾರೆ; ರುವಾಂಡಾದಲ್ಲಿ ಈ ಶತಮಾನದ ಆರಂಭದಿಂದ ಹಾಗೆಯೇ ತೊಳೆಯುವ ಕೇಂದ್ರಗಳು ಬೆಳೆದಿವೆ. ಅಲ್ಲೂ ಕೊಳೆನೀರಿನ ತೊಂದರೆ ಇದ್ದೇ ಇದೆ, ಆದರೆ ಅದು ಒಂದು ಕಡೆ ಸೇರಿರುವುದರಿಂದ ಕೈಗೆ ಸಿಗುವ ತೊಂದರೆಯಾಗಿದೆ. ಬಾಳೂರಿನಿಂದ ಸಂಸೆಯವರೆಗಿನ ಹಳ್ಳಗಳ ಲೆಕ್ಕದಲ್ಲಿ, ಒಂದೊಂದು ಹಳ್ಳದ ಕಣಿವೆಗೆ ಒಂದರಂತೆ, ಸಣ್ಣ ಬೆಳೆಗಾರರ ಹಣ್ಣಿಗೆ ಸಾಮೂಹಿಕ ಪಲ್ಪಿಂಗ್ ಮನೆಗಳಿದ್ದರೆ ಗುಂಡಿಯ ಖರ್ಚು ನೂರು ಮನೆಗಳಿಗೆ ಹಂಚಿಹೋಗುತ್ತದೆ, ಗುಂಡಿಯ ಜೀವಿಗಳಿಗೆ ಕುಯ್ಲಿನ ಉದ್ದಕ್ಕೂ ಬಿಡುವಿಲ್ಲದ ಆಹಾರ ಸಿಗುತ್ತದೆ, ಅನಿಲಕ್ಕೆ ಬಳಕೆಯ ದಾರಿ ಕಾಣುತ್ತದೆ, ಚೆರ್ರಿ ಮಾರುತ್ತಿದ್ದವನಿಗೂ ಪಾರ್ಚ್‌ಮೆಂಟಿನ ಬೆಲೆ ದೊರೆಯುತ್ತದೆ. ದಿನಾಲೂ ಮುಂಜಾನೆ ಹಾಲನ್ನು ಡೈರಿಗೆ ಹಾಕಿ ಚೀಟಿ ಪಡೆಯುವ ಈ ಊರುಗಳಿಗೆ ಅಂಥ ವ್ಯವಸ್ಥೆ ಅಪರಿಚಿತವೇನೂ ಅಲ್ಲ. 1990ರ ದಶಕದಲ್ಲಿ ಮುಕ್ತ ಮಾರುಕಟ್ಟೆ ಬರುವ ತನಕ ಇಡೀ ಬೆಳೆಯನ್ನು ಒಟ್ಟುಗೂಡಿಸಿ ಮಾರುವ ಕಾಫಿ ಮಂಡಳಿಯ ಒಂದೇ ಪೂಲಿಗೆ ಹಾಕಿದ ನೆನಪೂ ಹಿರಿಯ ಬೆಳೆಗಾರರಲ್ಲಿ ಉಳಿದಿದೆ. ತೊಡಕು ಇರುವುದು ಹೊತ್ತಿನಲ್ಲಿ. ಕುಯ್ದ ಹಣ್ಣು ಅದೇ ದಿನ ಪಲ್ಪರ್ ಸೇರದಿದ್ದರೆ ಚೀಲದಲ್ಲೇ ಹುದುಗಿ ಬೀಜದ ರುಚಿ ಕೆಡುತ್ತದೆ. ಸಂಜೆ ಐದಕ್ಕೆ ಕುಯ್ಲು ಮುಗಿಸಿ ಅಳತೆ ಮಾಡಿದ ಹಣ್ಣನ್ನು ತಿರುವುಗಳ ಮಣ್ಣುದಾರಿಯಲ್ಲಿ ಪಿಕಪ್‌ಗೆ ಹೇರಿ ರಾತ್ರಿಯೊಳಗೆ ಮುಟ್ಟಿಸಬಹುದಾದ ದೂರವೆಷ್ಟೋ, ಅಂಥ ಪಲ್ಪಿಂಗ್ ಮನೆಯ ಎಲ್ಲೆಯೂ ಅಷ್ಟೇ.